ವೈದ್ಯ ಕೇಳಿದ ಪ್ರಶ್ನೆ

ಕೊಪ್ಪವೆಂದೊಡನೆ ಬಹುಮಂದಿಗೆ ಮಲೆನಾಡಿನ ಕೊಪ್ಪ ನೆನಪಾಗುತ್ತದೆ. ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ. ಮೈಸೂರಿನಿಂದ ಮಡಿಕೇರಿಯತ್ತ ಸಾಗುವ ಹೆದ್ದಾರಿಯಲ್ಲಿ ಹುಣಸೂರು, ಪಿರಿಯಾಪಟ್ಟಣಗಳನ್ನು ಹಿಂದಿಕ್ಕಿ, ಕಾವೇರಿಯ ಸೇತುವೆ ಇನ್ನೇನು ಬಂದಿತೆನ್ನುವಾಗ ಎದುರಾಗುವ ಊರು ಇದು. ಸೇತುವೆಯ ಆಚೆಗೆ ಕುಶಾಲನಗರ, ಕೊಡಗಿನ ಸೀಮೆ. ಈಚೆಗೆ ಕೊಪ್ಪ, ಪಿರಿಯಾಪಟ್ಟಣ ತಾಲ್ಲೂಕಿನ ಅಂಚು. ಬೈಲಕುಪ್ಪೆಯ ಟಿಬೆಟನ್ ಶಿಬಿರವನ್ನು ನೋಡಹೋಗುವವರು ಇಲ್ಲಿಯೇ ಹೆದ್ದಾರಿಯನ್ನು ಬಿಟ್ಟು ತಿರುಗಬೇಕು. ಶಿಬಿರದ ನಾಮ್‌ಡ್ರೋಲಿಂಗ್ ವಿಹಾರದ ಚಿನ್ನದ ಬುದ್ಧಮೂರ್ತಿಗಳನ್ನು ಕಂಡು ಬೆರಗಾಗಿ ಹಿಂದಿರುಗುವ ಪ್ರವಾಸಿಗರು ದಿನಂಪ್ರತಿ ಸಾವಿರಾರು. ಅವರ ವಾಹನಗಳು ಹಾದುಹೋಗುವ ದಾರಿಯ ಎರಡು ಬದಿಗೂ ಇರುವ ಹೊಲಗಳನ್ನು ನೋಡುವವರು ಕಡಮೆ.

ಆ ಹೊಲಗಳಲ್ಲಿ ಮುಂಗಾರಿನಲ್ಲಿ ಬೆಳೆಯುವುದು ಬಹುಪಾಲು ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳ ಹಗುರ ಮಣ್ಣು ಸಿಗರೇಟಿಗೆ ಒದಗುವ ಹೊಗೆಸೊಪ್ಪಿಗೆ ಹೇಳಿಮಾಡಿಸಿದಂತಹುದು. ಮೇ ತಿಂಗಳ ಮಳೆ ಬಿದ್ದೊಡನೆ ಸಸಿ ನೆಡುತ್ತಾರೆ. ಜುಲೈ ತಿಂಗಳಿನಿಂದ ಬುಡದ ಎಲೆಗಳು ಬಲಿಯತೊಡಗುತ್ತವೆ. ಗಿಡವನ್ನು ಒಮ್ಮೆಗೇ ಕೊಯ್ಯುವಂತಿಲ್ಲ. ಬಲಿತ ಎಲೆಗಳನ್ನು ಬುಡದಿಂದ ಮೇಲಕ್ಕೆ ವಾರ ವಾರವೂ ಮುರಿಯುತ್ತಾ ಹೋಗಬೇಕು. ಮುರಿದ ಸೊಪ್ಪನ್ನು ಅಂದೇ ಕಡ್ಡಿಗಳಿಗೆ ಕಟ್ಟಬೇಕು. ಕಡ್ಡಿಗಳನ್ನು ಬ್ಯಾರನ್ ಎಂಬ ಎತ್ತರದ ಕಟ್ಟಡದೊಳಗೆ ಸಾಲುಸಾಲಾಗಿ ಇಳಿಬಿಟ್ಟು, ಹಗಲಿರುಳು ಸೌದೆಯುರಿಸಿ, ದಿನಗಟ್ಟಲೆ ಹದವಾದ ಕಾವಿನಲ್ಲಿ ಬಾಡಿಸಿ ಹೊಂಬಣ್ಣ ತರಿಸಬೇಕು. ಕಾವು ತಪ್ಪಿದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಹರಾಜುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಮಕ್ಕಳ ಶಾಲೆಯ ಶುಲ್ಕ, ಮಗಳ ಮದುವೆ, ಸಹಕಾರ ಸಂಘದ ಸಾಲ, ಎಲ್ಲವೂ ಆ ಬಣ್ಣವನ್ನೇ ನೆಚ್ಚಿಕೊಂಡಿರುತ್ತವೆ. ಆದುದರಿಂದ ಸೊಪ್ಪು ಬಲಿತ ದಿನ ಮಳೆಯಿರಲಿ, ಇಬ್ಬನಿಯಿರಲಿ, ಮನೆಮಂದಿಯೆಲ್ಲ ಹೊಲಕ್ಕಿಳಿಯಲೇಬೇಕು.

ಇಂತಹ ಒಂದು ಮನೆಯ ಸೊಸೆಗೆ ಪ್ರತಿ ವರ್ಷವೂ ಶ್ರಾವಣದ ಹೊತ್ತಿಗೆ ಒಂದು ಬಗೆಯ ಕಾಯಿಲೆ ಬರುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಸೊಪ್ಪು ಮುರಿದು, ಸಂಜೆ ಕಡ್ಡಿಗೆ ಕಟ್ಟಲು ಕುಳಿತಳೆಂದರೆ ತಲೆ ಸುತ್ತುವುದು, ಹೊಟ್ಟೆ ತೊಳಸುವುದು, ರಾತ್ರಿ ಎರಡು ಮೂರು ಸಲ ವಾಂತಿಯಾಗಿ, ಕೈಕಾಲು ಸೋತು, ಮುಖ ಬಿಳಿಚಿಕೊಂಡು ಗೋಡೆಗೊರಗಿ ಕೂರುವಳು. ಒಂದೆರಡು ದಿನ ಮಲಗಿದರೆ ತಾನಾಗಿಯೇ ಗುಣವಾಗುತ್ತಿತ್ತು. ಮತ್ತೆ ಹೊಲಕ್ಕೆ ಹೋದರೆ ಮತ್ತೆ ಅದೇ ಕಥೆ. ಮೊದಲ ವರ್ಷ ಮನೆಯವರು ಬಸಿರೆಂದು ಭಾವಿಸಿ ಸಂತೋಷಪಟ್ಟರು. ಎರಡನೆಯ ವರ್ಷ ಗಾಳಿಯೆಂದರು, ದೃಷ್ಟಿಯೆಂದರು. ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಅಂಗಡಿಯ ತಲೆನೋವಿನ ಗುಳಿಗೆಯೂ ಆಯಿತು, ಪೇಟೆಯ ಡಾಕ್ಟರರ ಸೂಜಿಮದ್ದೂ ಆಯಿತು. ಮೂರನೆಯ ವರ್ಷದ ಹೊತ್ತಿಗೆ ಮನೆಯಲ್ಲಿ ಬೇರೊಂದು ಮಾತು ಹುಟ್ಟಿತು.

"ನಿನ್ನ ಗಂಡನೂ ಅದೇ ಹೊಲದಲ್ಲೇ ಅಲ್ಲವೇನವ್ವಾ ಗೇಯುವುದು? ಅವನಿಗೇಕೆ ಒಂದು ದಿನವೂ ತಲೆ ಸುತ್ತುವುದಿಲ್ಲ?" ಎಂದು ಅತ್ತೆ ಕೇಳಿದಳು.

ಆ ಪ್ರಶ್ನೆಗೆ ಸೊಸೆಯಲ್ಲಿ ಉತ್ತರವಿರಲಿಲ್ಲ. ಕಾಯಿಲೆಯ ಸಂಕಟದ ಜೊತೆಗೆ ಮೈಗಳ್ಳಿಯೆಂಬ ಹೆಸರಿನ ಸಂಕಟವೂ ಸೇರಿಕೊಂಡಿತು. ಇವೆರಡರಲ್ಲಿ ಯಾವುದು ಹೆಚ್ಚಿನದೆಂಬುದನ್ನು ಆ ಹೆಸರನ್ನು ಹೊತ್ತವರೇ ಹೇಳಬಲ್ಲರು.

ಊರಿನ ಕೆಲವರು ಟಿಬೆಟನ್ ಶಿಬಿರದ ವೈದ್ಯರ ಬಳಿ ಹೋಗಿಬರುವುದುಂಟು. ಕೊನೆಗೆ ಗಂಡನೇ ಅವಳನ್ನು ಅಲ್ಲಿಗೆ ಕರೆದೊಯ್ದನು.

ಈ ಶಿಬಿರದ ಕಥೆ ಇಲ್ಲಿ ಸ್ವಲ್ಪ ತಿಳಿದಿರಬೇಕು. 1959ರಲ್ಲಿ ದಲೈ ಲಾಮಾ ಅವರು ಲ್ಹಾಸಾವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಟಿಬೆಟಿಯನ್ನರು ಹಿಮದ ಕಣಿವೆಗಳನ್ನು ದಾಟಿ ಬಂದರು. ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಕಾಡುನೆಲವನ್ನು ಅವರಿಗೆ ಬಿಟ್ಟುಕೊಟ್ಟಿತು. 1960-61ರ ಹೊತ್ತಿಗೆ ಮೊದಲ ತಂಡಗಳು ಬಂದಿಳಿದವು. ಹಿಮದ ನಾಡಿನವರಿಗೆ ಇಲ್ಲಿನ ಸೆಖೆ ಹೊಸದು, ಕಾಡಾನೆ ಹೊಸದು, ಅನ್ನ ನೀರು ಹೊಸದು. ಕಾಡು ಕಡಿದು ಜೋಳ ಬಿತ್ತಿ ನೆಲೆನಿಲ್ಲುವಷ್ಟರಲ್ಲಿ ಅನೇಕರು ಕಾಯಿಲೆ ಬಿದ್ದರು, ಅನೇಕರು ಸತ್ತರು. ಅವರು ಬರುವಾಗ ಹೊತ್ತು ತಂದದ್ದು ಸ್ವಲ್ಪ. ಆ ಸ್ವಲ್ಪದರಲ್ಲಿ ಅವರ ವೈದ್ಯವೂ ಒಂದು. ಅದಕ್ಕೆ 'ಸೋವಾ ರಿಗ್ಪಾ' ಎಂದು ಹೆಸರು; ಗುಣಪಡಿಸುವ ವಿದ್ಯೆ ಎಂದು ಅರ್ಥ. ಲ್ಹಾಸಾದಲ್ಲಿ 1916ರಲ್ಲಿ ಸ್ಥಾಪಿತವಾಗಿದ್ದ 'ಮೆನ್-ತ್ಸೀ-ಖಾಂಗ್' ಎಂಬ ವೈದ್ಯವಿದ್ಯಾಲಯವನ್ನು 1961ರಲ್ಲಿ ಧರ್ಮಶಾಲೆಯಲ್ಲಿ ಮರಳಿ ಕಟ್ಟಿದರು. ಅದರ ಶಾಖೆಗಳು ಟಿಬೆಟಿಯನ್ನರು ನೆಲೆಸಿದೆಡೆಗಳಲ್ಲೆಲ್ಲ ಹರಡಿದವು. ಭಾರತ ಸರ್ಕಾರ 2010ರಲ್ಲಿ ಈ ಪದ್ಧತಿಗೆ ಕಾನೂನಿನ ಮನ್ನಣೆ ನೀಡಿತು. ಅವರು ವೈದ್ಯನನ್ನು 'ಆಮ್ಚಿ' ಎನ್ನುತ್ತಾರೆ. ಕೊಂಕಣಿ ಬಲ್ಲವರ ಕಿವಿಗೆ ಇದು 'ನಮ್ಮ' ಎಂದು ಕೇಳಿಸೀತು. ವೈದ್ಯನಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ?

ಆಮ್ಚಿ ವಯಸ್ಸಾದವರು, ಇಲ್ಲಿಯೇ ಬೆಳೆದವರಾದ್ದರಿಂದ ಕನ್ನಡವನ್ನು ತೊಡಕಿಲ್ಲದೆ ಆಡುತ್ತಿದ್ದರು. ಅವಳನ್ನು ಎದುರಿಗೆ ಕೂರಿಸಿಕೊಂಡು, ಎರಡು ಕೈಗಳ ಮಣಿಕಟ್ಟಿನ ಮೇಲೂ ಮೂರು ಮೂರು ಬೆರಳನ್ನಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಸುಮ್ಮನಿದ್ದರು. ನಾಲಗೆಯನ್ನು ನೋಡಿದರು. ಬೆಳಗಿನ ಮೂತ್ರವನ್ನು ಬಟ್ಟಲಿನಲ್ಲಿ ತರಿಸಿ, ಕಡ್ಡಿಯಿಂದ ಕದಡಿ, ಅದರ ಬಣ್ಣವನ್ನೂ ನೊರೆಯನ್ನೂ ಪರೀಕ್ಷಿಸಿದರು. ಇಷ್ಟೂ ಆದ ಮೇಲೆ ಮಾತಿಗೆ ತೊಡಗಿದರು.

"ರಾತ್ರಿ ನಿದ್ದೆ ಎಷ್ಟು ಹೊತ್ತು ಬರುತ್ತದೆ ತಾಯಿ? ಬೆಳಗ್ಗೆ ಏನಾದರೂ ತಿಂದು ಹೊಲಕ್ಕೆ ಹೋಗುತ್ತೀರಾ, ಹಾಗೆಯೇ ಹೋಗುತ್ತೀರಾ?"

"ಬೆಳಗ್ಗೆ ಎಲ್ಲಿ ತಿನ್ನುವುದು ಡಾಕ್ಟ್ರೇ? ಬಿಸಿಲೇರುವುದಕ್ಕೆ ಮುಂಚೆ ಸೊಪ್ಪು ಮುರಿಯಬೇಕಲ್ಲ."

"ಆಗ ಎಲೆ ಒದ್ದೆಯಾಗಿರುತ್ತದೆಯೆ?"

"ಶ್ರಾವಣದಲ್ಲಿ ಒದ್ದೆಯಿಲ್ಲದೆ ಇನ್ನೇನು? ಸೀರೆ, ರವಿಕೆ ಎಲ್ಲ ತೊಪ್ಪೆಯಾಗಿರುತ್ತದೆ. ಹಾಗೆಯೇ ಮೈಮೇಲೆ ಆರುತ್ತದೆ."

ಅವಳ ಅಂಗೈಯನ್ನು ಅವರು ಮೇಲೆತ್ತಿ ನೋಡಿದರು. ಬೆರಳುಗಳಿಗೆ ಹೊಗೆಸೊಪ್ಪಿನ ಅಂಟು ಕಪ್ಪಾಗಿ ಹತ್ತಿಕೊಂಡಿತ್ತು. ಅವರು ಗಂಡನ ಕಡೆಗೆ ತಿರುಗಿ, "ಯಜಮಾನರೇ, ನೀವು ಬೀಡಿ ಸೇದುತ್ತೀರಲ್ಲವೆ?" ಎಂದರು. ಅವನು ನಾಚಿಕೊಂಡು ಹೌದೆಂದನು. "ಅದಕ್ಕೇ ನಿಮಗೆ ತಲೆ ಸುತ್ತುವುದಿಲ್ಲ. ನಿಮ್ಮ ಮೈ ಆ ವಿಷಕ್ಕೆ ಒಗ್ಗಿಹೋಗಿದೆ. ಇವರ ಮೈ ಒಗ್ಗಿಲ್ಲ. ಪ್ರತಿ ಮಳೆಗಾಲದಲ್ಲಿಯೂ ಇಂತಹ ಕೈಗಳು ನನ್ನ ಬಳಿ ಬರುತ್ತವೆ" ಎಂದರು.

ಅವಳ ಕಣ್ಣಿನಲ್ಲಿ ನೀರಾಡಿತು. ಮದ್ದು ಇನ್ನೂ ಕೈಗೆ ಬಂದಿರಲಿಲ್ಲ. ಮೈಗಳ್ಳಿಯೆಂಬ ಹೆಸರು ಮಾತ್ರ ಆಗಲೇ ಕಳಚಿಬಿದ್ದಿತ್ತು.

ಆಮ್ಚಿಯ ಮಾತು ಊಹೆಯದಲ್ಲ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ವಿಷವಸ್ತು ನೀರಿನಲ್ಲಿ ಕರಗುತ್ತದೆ. ಮಳೆ ಅಥವಾ ಇಬ್ಬನಿಯಿಂದ ತೊಯ್ದ ಎಲೆಯನ್ನು ಅಪ್ಪಿ ಹಿಡಿದು ಮುರಿಯುವವರ ಚರ್ಮದ ಮೂಲಕ ಅದು ಮೈಯೊಳಕ್ಕೆ ಇಳಿಯುತ್ತದೆ; ಒದ್ದೆ ಬಟ್ಟೆ ಅದನ್ನು ಮೈಗೆ ಅಂಟಿಸಿಟ್ಟಿರುತ್ತದೆ. ಕೆಲವು ಗಂಟೆಗಳಲ್ಲಿ ತಲೆಸುತ್ತು, ವಾಂತಿ, ನಿತ್ರಾಣಗಳು ತೋರಿಕೊಂಡು ಒಂದೆರಡು ದಿನಗಳಲ್ಲಿ ಶಮನವಾಗುತ್ತವೆ. ಅಮೆರಿಕದ ಹೊಗೆಸೊಪ್ಪಿನ ಹೊಲಗಳಲ್ಲಿ ಇದನ್ನು ಗುರುತಿಸಿ 1970ರ ದಶಕದಲ್ಲಿ ವೈದ್ಯರು 'ಹಸಿ ಹೊಗೆಸೊಪ್ಪಿನ ಬೇನೆ' ಎಂಬ ಅರ್ಥದ ಹೆಸರಿಟ್ಟರು. ತಂಬಾಕು ಸೇವನೆಯ ರೂಢಿಯಿಲ್ಲದವರಿಗೆ ಬಾಧೆ ಹೆಚ್ಚೆಂಬುದನ್ನೂ ಅವರು ಕಂಡುಕೊಂಡರು. ಬೀಡಿಯ ವಿಷಯದಲ್ಲಿ ಇದು ಹೊಗಳಿಕೆಯ ಮಾತೇನಲ್ಲ. ಅದು ಬೇರೆ ದಾರಿಯಿಂದ ಕೊಲ್ಲುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಹೊಗೆಸೊಪ್ಪು ಭಾರತಕ್ಕೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಕನ್ನಡದಲ್ಲಿ ವಿಷವೈದ್ಯದ ಮಹಾಗ್ರಂಥವಾದ 'ಖಗೇಂದ್ರಮಣಿದರ್ಪಣ'ವನ್ನು ಬರೆದ ಮಂಗರಾಜನು ಹದಿನಾಲ್ಕನೆಯ ಶತಮಾನದವನು. ಅವನಿಗೆ ಈ ಗಿಡ ಗೊತ್ತಿರಲಿಲ್ಲ. ಸೋವಾ ರಿಗ್ಪಾದ ಮೂಲಗ್ರಂಥವಾದ 'ಗ್ಯೂಶಿ'ಯು ಹನ್ನೆರಡನೆಯ ಶತಮಾನದ ಯುತೋಕ್ ಯೋಂತೆನ್ ಗೋಂಪೋ ಎಂಬ ವೈದ್ಯನ ಹೆಸರಿನೊಡನೆ ಸೇರಿಕೊಂಡಿದೆ, ಅವನಿಗೂ ಗೊತ್ತಿರಲಿಲ್ಲ. ಹಾಗಿದ್ದರೆ ಆಮ್ಚಿಗೆ ಇದು ತಿಳಿದದ್ದು ಗ್ರಂಥದಿಂದಲ್ಲ, ಕೇಳಿದ್ದರಿಂದ. ಆದರೆ ಕೇಳಬೇಕೆಂಬುದನ್ನು ಕಲಿಸಿದ್ದು ಆ ಗ್ರಂಥವೇ.

ಗ್ಯೂಶಿ ವೈದ್ಯವನ್ನು ಒಂದು ವೃಕ್ಷವಾಗಿ ಚಿತ್ರಿಸುತ್ತದೆ. ಬೇರು ಮೂರು: ದೇಹದ ಸ್ಥಿತಿ, ರೋಗದ ಪರೀಕ್ಷೆ, ಚಿಕಿತ್ಸೆ. ಅವುಗಳಿಂದ ಏಳುವ ಕಾಂಡಗಳು 9, ಕೊಂಬೆಗಳು 47, ಎಲೆಗಳು 224. ಕಲಿಯುವ ಹುಡುಗರು ಈ ಮರವನ್ನು ಎಲೆಯೆಲೆಯಾಗಿ ಬಾಯಿಪಾಠ ಮಾಡಬೇಕು. ಪರೀಕ್ಷೆಯ ಬೇರಿಗೆ ಮೂರು ಕಾಂಡ: ನೋಡುವುದು, ಮುಟ್ಟುವುದು, ಕೇಳುವುದು. ಚಿಕಿತ್ಸೆಯ ಬೇರಿಗೆ ನಾಲ್ಕು ಕಾಂಡ, ಮತ್ತು ಅವುಗಳ ಅನುಕ್ರಮವನ್ನು ಗಮನಿಸಬೇಕು: ಮೊದಲು ಆಹಾರ, ಬಳಿಕ ನಡವಳಿಕೆ, ಅದರ ಬಳಿಕ ಔಷಧ, ಕೊನೆಗೆ ಕಾವು ಕೊಡುವುದೇ ಮೊದಲಾದ ಬಾಹ್ಯೋಪಚಾರ. ಗುಳಿಗೆಗೆ ಮೂರನೆಯ ಸ್ಥಾನ! ದೇಹದಲ್ಲಿ ಮೂರು ತತ್ತ್ವಗಳುಂಟೆಂದೂ ಅವುಗಳ ಸಮತೋಲವೇ ಆರೋಗ್ಯವೆಂದೂ ಈ ಶಾಸ್ತ್ರದ ಮತ. ಅವರು ಅವನ್ನು 'ಲುಂಗ್, ತ್ರೀಪಾ, ಬೇಕೆನ್' ಎನ್ನುತ್ತಾರೆ. ಆ ಹೆಸರುಗಳ ಹಿಂದೆ ವಾತ, ಪಿತ್ತ, ಕಫಗಳನ್ನು ಗುರುತಿಸುವುದು ಕಷ್ಟವಲ್ಲ. ವಾಗ್ಭಟನ 'ಅಷ್ಟಾಂಗಹೃದಯ'ವು ಹನ್ನೊಂದನೆಯ ಶತಮಾನದಲ್ಲಿಯೇ ಟಿಬೆಟ್ಟಿನ ಭಾಷೆಗೆ ಅನುವಾದವಾಗಿತ್ತು. ಹಿಮಾಲಯವನ್ನು ದಾಟಿ ಹೋದ ವಿದ್ಯೆ ಒಂಬೈನೂರು ವರ್ಷಗಳ ತರುವಾಯ ನಿರಾಶ್ರಿತರ ಗಂಟಿನಲ್ಲಿ ಕಾವೇರಿಯ ದಡಕ್ಕೆ ಮರಳಿ ಬಂದಿತು. ವಾತ ಕೆರಳಿದವನಿಗೆ ಬೆಚ್ಚನೆಯ ಜಿಡ್ಡಿನ ಆಹಾರ, ನಿದ್ರೆ, ಪ್ರೀತಿಪಾತ್ರರ ಸಂಗ ಬೇಕೆಂದು ಆ ಗ್ರಂಥದ ವಿಧಿ. ಪ್ರೀತಿಪಾತ್ರರ ಸಂಗವನ್ನು ಮದ್ದಿನ ಪಟ್ಟಿಯಲ್ಲಿ ಸೇರಿಸಿದ ವೈದ್ಯವನ್ನು ಹಳೆಯದೆಂದು ತಳ್ಳಿಹಾಕುವ ಮುನ್ನ ಯೋಚಿಸಬೇಕಾಗುತ್ತದೆ.

ಯೂರೋಪಿನಲ್ಲಿಯೂ ಇಂತಹ ಒಬ್ಬರಿದ್ದರು. ಇಟಲಿಯ ಬರ್ನಾರ್ಡಿನೋ ರಾಮಾಜಿನಿ ಎಂಬ ವೈದ್ಯ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದರು. ಪ್ರಾಚೀನ ಗ್ರೀಸಿನ ಹಿಪಾಕ್ರಟೀಸನು ರೋಗಿಯನ್ನು ಕೇಳಬೇಕೆಂದ ಪ್ರಶ್ನೆಗಳ ಜೊತೆಗೆ ಅವರು ಇನ್ನೊಂದನ್ನು ಸೇರಿಸಿದರು: ನಿನ್ನ ಕಸುಬು ಯಾವುದು? ಆ ಸೊಸೆಯನ್ನು ಮೂರು ವರ್ಷ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಅದು.

ಆಮ್ಚಿ ಕಂದುಬಣ್ಣದ ಕಹಿ ಗುಳಿಗೆಗಳನ್ನು ಕೊಟ್ಟು, ಅಗಿದು ಬಿಸಿನೀರು ಕುಡಿಯಬೇಕೆಂದರು. ಆದರೆ ಅವರು ಹೆಚ್ಚು ಹೊತ್ತು ಹೇಳಿದ್ದು ಗುಳಿಗೆಯ ಮಾತನ್ನಲ್ಲ. ಬರಿಹೊಟ್ಟೆಯಲ್ಲಿ ಹೊಲಕ್ಕಿಳಿಯಬಾರದು, ಎಲೆಯ ಮೇಲಿನ ನೀರು ಆರುವವರೆಗೆ ಕಾಯಬೇಕು, ಕಾಯಲಾಗದಿದ್ದರೆ ಕೈಗೆ ರಬ್ಬರಿನ ಚೀಲ, ಮೈಗೆ ಪ್ಲಾಸ್ಟಿಕ್ಕಿನ ಹೊದಿಕೆ ಇರಬೇಕು, ಒದ್ದೆ ಬಟ್ಟೆಯನ್ನು ಕೂಡಲೆ ಬದಲಿಸಿ ಸಾಬೂನಿನಿಂದ ತೊಳೆದುಕೊಳ್ಳಬೇಕು.

"ಸೊಪ್ಪು ಕಾಯುವುದಿಲ್ಲವಲ್ಲ ಡಾಕ್ಟ್ರೇ" ಎಂದನು ಗಂಡ.

"ಸೊಪ್ಪು ಕಾಯುವುದಿಲ್ಲ, ನಿಜ. ಈಗಲೂ ವಾರದಲ್ಲಿ ಎರಡು ದಿನ ಇವರು ಮಲಗಿಬಿಡುತ್ತಾರಲ್ಲ, ಆ ಎರಡು ದಿನದ ಲೆಕ್ಕ ಹಾಕಿದ್ದೀರಾ?" ಎಂದರು ಆಮ್ಚಿ.

ಅವನು ಲೆಕ್ಕ ಹಾಕಿರಲಿಲ್ಲ.

ಎಲ್ಲ ವೈದ್ಯಗಳಿಗೂ ಒಂದು ಎಲ್ಲೆಯುಂಟು. ಎಲ್ಲೆಯನ್ನು ಅರಿಯದ ವೈದ್ಯ ಅಪಾಯಕಾರಿ. ನಾಡಿಯೊಂದರಿಂದಲೇ ಸಕಲವನ್ನೂ ಹೇಳಬಲ್ಲೆವೆಂಬ ಮಾತಿಗೆ ಪ್ರಯೋಗಶಾಲೆಯ ಒಪ್ಪಿಗೆ ಇನ್ನೂ ದೊರೆತಿಲ್ಲ. 'ಸಮಗ್ರ ಚಿಕಿತ್ಸೆ' ಎಂಬ ಹೆಸರಿನಲ್ಲಿ, ಎಲ್ಲ ರೋಗಕ್ಕೂ ಒಂದೇ ಗುಟ್ಟಿನ ಪುಡಿಯನ್ನು ಮಾರುವವರು ಸಂತೆಗಳಲ್ಲಿ ಮಾತ್ರವಲ್ಲ, ಪಟ್ಟಣಗಳ ದೊಡ್ಡ ಮಳಿಗೆಗಳಲ್ಲಿಯೂ ಇದ್ದಾರೆ. ಅದು ಸಮಗ್ರವೂ ಅಲ್ಲ, ಚಿಕಿತ್ಸೆಯೂ ಅಲ್ಲ. ಅದೇ ಮನೆಯ ಮಾವನಿಗೆ ಕೆಲವು ತಿಂಗಳ ಬಳಿಕ ಬಿಡದ ಕೆಮ್ಮು ಹತ್ತಿತು. ಸೊಸೆಯ ಅನುಭವದಿಂದ ಧೈರ್ಯಗೊಂಡು ಮನೆಯವರು ಆತನನ್ನೂ ಶಿಬಿರಕ್ಕೇ ಕರೆದೊಯ್ದರು. ಕೆಮ್ಮು ಎಷ್ಟು ದಿನದಿಂದ, ಸಂಜೆಯ ಹೊತ್ತು ಜ್ವರ ಬರುವುದೇ, ತೂಕ ಇಳಿದಿದೆಯೇ ಎಂದು ಆಮ್ಚಿ ಕೇಳಿದರು. ಈ ಸಲ ಗುಳಿಗೆಯ ಡಬ್ಬಿಯನ್ನು ತೆರೆಯಲೇ ಇಲ್ಲ. ನಾಳೆಯೇ ಪಿರಿಯಾಪಟ್ಟಣದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫದ ಪರೀಕ್ಷೆ ಮಾಡಿಸಬೇಕೆಂದು ಹೇಳಿ ಕಳುಹಿಸಿದರು. ಅವರ ಅನುಮಾನ ಸರಿಯಾಗಿತ್ತು, ಅದು ಕ್ಷಯ.

ಆಮ್ಚಿಗೆ ಈ ರೋಗದ ಪರಿಚಯ ಪುಸ್ತಕದ್ದಲ್ಲ. ಭಾರತಕ್ಕೆ ಬಂದ ಟಿಬೆಟಿಯನ್ನರನ್ನು ದಶಕಗಳ ಕಾಲ ಹಿಂಡಿದ ರೋಗವೆಂದರೆ ಕ್ಷಯವೇ. ಒತ್ತೊತ್ತಾಗಿ ಮಲಗುವ ವಿಹಾರದ ಕೊಠಡಿಗಳಲ್ಲಿಯೂ ಶಾಲೆಯ ವಸತಿಗೃಹಗಳಲ್ಲಿಯೂ ಅದು ಹಬ್ಬಿತು. ಶಿಬಿರದಲ್ಲಿ ಆಮ್ಚಿಯ ಚಿಕಿತ್ಸಾಲಯದ ಜೊತೆಗೆ ಆಧುನಿಕ ಆಸ್ಪತ್ರೆಯೂ ಇರುವುದು ಸುಮ್ಮನೆಯಲ್ಲ. ಕ್ಷಯದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಖ್ ಕಂಡುಹಿಡಿದದ್ದು 1882ರಲ್ಲಿ. ಅದನ್ನು ಕೊಲ್ಲುವ ಗುಳಿಗೆಗಳನ್ನು ಸಾಮಾನ್ಯವಾಗಿ ಆರು ತಿಂಗಳು ಒಂದು ದಿನವೂ ತಪ್ಪದೆ ನುಂಗಬೇಕು. ನಡುವೆ ಬಿಟ್ಟರೆ ಸೂಕ್ಷ್ಮಾಣು ಗುಳಿಗೆಗೆ ಬಗ್ಗದಂತಾಗುತ್ತದೆ. ಇದರಲ್ಲಿ ಯಾವ ರಾಜಿಗೂ ಎಡೆಯಿಲ್ಲ. ಆದರೂ ಗುಳಿಗೆಯೊಂದೇ ಸಾಲದೆಂಬುದನ್ನು ಸರ್ಕಾರವೂ ಕಂಡುಕೊಂಡಿತು. ಹಸಿದ ದೇಹದಲ್ಲಿ ಕ್ಷಯ ಸುಲಭವಾಗಿ ಬೇರೂರುತ್ತದೆ. ಹಸಿದ ಹೊಟ್ಟೆಗೆ ಗುಳಿಗೆಯೂ ಒಗ್ಗುವುದಿಲ್ಲ. ಆದುದರಿಂದ 2018ರಿಂದ ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡತೊಡಗಿದರು. 2024ರ ನವೆಂಬರಿನಲ್ಲಿ ಅದನ್ನು 1000 ರೂಪಾಯಿಗೆ ಏರಿಸಿದರು. ಸೂಕ್ಷ್ಮದರ್ಶಕದ ವೈದ್ಯವು ಬಳಸುದಾರಿಯಿಂದ ಬಂದು ಗ್ಯೂಶಿಯ ಮೊದಲನೆಯ ಕಾಂಡವನ್ನೇ ಹಿಡಿದಂತಾಯಿತು.

ಇದೇ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಹೆಗ್ಗಡದೇವನಕೋಟೆಯ ಕಾಡಿನ ಮಗ್ಗುಲಲ್ಲಿ, ಆಧುನಿಕ ವೈದ್ಯವನ್ನು ಕಲಿತವರೇ ಇನ್ನೊಂದು ಬಗೆಯಿಂದ ಈ ಮಾತಿಗೆ ಬಂದು ಮುಟ್ಟಿದರು. ಕಬಿನಿಯ ಜಲಾಶಯಕ್ಕಾಗಿಯೂ ಬಂಡೀಪುರದ ವನ್ಯಮೃಗಗಳ ರಕ್ಷಣೆಗಾಗಿಯೂ ಕಾಡನ್ನು ಬಿಟ್ಟು ಬಂದ ಜೇನುಕುರುಬರು, ಕಾಡುಕುರುಬರು ಅಲ್ಲಿನ ಹಾಡಿಗಳಲ್ಲಿ ನೆಲೆಸಿದ್ದರು. ಗೆಡ್ಡೆ, ಜೇನು, ಸೊಪ್ಪುಗಳ ಆಹಾರ ಅವರ ಕೈತಪ್ಪಿತ್ತು. ಮೈಸೂರಿನ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿ, ಮುಂದೆ ಆ ಹಾಡಿಗಳಿಗೆ ಚಿಕಿತ್ಸೆ ಒಯ್ದರು. ರೋಗಕ್ಕೆ ಮದ್ದು ಕೊಡಬಹುದು. ಕಳೆದುಹೋದ ಕಾಡಿಗೆ ಏನನ್ನು ಕೊಡುವುದು? ಕೆಂಚನಹಳ್ಳಿ, ಸರಗೂರುಗಳ ಆಸ್ಪತ್ರೆಗಳ ಜೊತೆಗೆ ಅವರು ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳಿಗಾಗಿ ಶಾಲೆಯನ್ನೂ ತೆರೆದರು. ವೈದ್ಯರಿಗೆ ಶಾಲೆಯ ಗೊಡವೆಯೇಕೆಂದು ಕೇಳುವವರು ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವನ್ನು ಒಮ್ಮೆ ನೋಡಬೇಕು. ರೋಗವಿಲ್ಲದಿರುವುದು ಮಾತ್ರವೇ ಆರೋಗ್ಯವಲ್ಲ, ದೇಹ, ಮನಸ್ಸು, ಸಾಮಾಜಿಕ ಬಾಳು ಮೂರೂ ನೆಮ್ಮದಿಯಾಗಿರುವುದು ಆರೋಗ್ಯ ಎಂಬ ಅರ್ಥದ ಮಾತನ್ನು 1946ರಲ್ಲಿಯೇ ಅಲ್ಲಿ ಬರೆದಿಟ್ಟಿದ್ದಾರೆ. ಬರೆದಿಡುವುದು ಸುಲಭ.

ಕೊಪ್ಪದ ಆ ಮನೆಯಲ್ಲಿ ಮಾವನು ಆರು ತಿಂಗಳ ಗುಳಿಗೆಯನ್ನು ತಪ್ಪದೆ ನುಂಗಿ ಎದ್ದು ನಿಂತನು. ಪ್ರತಿ ರಾತ್ರಿಯೂ ಗುಳಿಗೆ ಎಣಿಸಿಕೊಟ್ಟವಳು ಸೊಸೆ. ಮಾರನೆಯ ಶ್ರಾವಣದಲ್ಲಿ ಗಂಡನು ಕುಶಾಲನಗರದ ಅಂಗಡಿಯಿಂದ ಎರಡು ಜೊತೆ ರಬ್ಬರಿನ ಕೈಚೀಲ ತಂದನು. ಮೊದಮೊದಲು ಅವು ಬೆರಳಿಗೆ ತೊಡಕೆನಿಸಿ ಕೆಲಸ ನಿಧಾನವಾಯಿತು. ನೆರೆಯ ಹೊಲದವರು ನಕ್ಕರು. ಎಲ್ಲ ದಿನವೂ ಎಲೆ ಆರುವವರೆಗೆ ಕಾಯಲು ಆಗುತ್ತಿರಲಿಲ್ಲ. ಬ್ಯಾರನ್ ತುಂಬಲೇಬೇಕಾದ ದಿನಗಳಲ್ಲಿ ಅವಳು ತೊಯ್ದುಕೊಂಡೇ ದುಡಿದಳು, ಒಂದೆರಡು ಸಲ ಕಾಯಿಲೆಯೂ ಬಿದ್ದಳು. ಮಲಗಿದಾಗ ಅತ್ತೆ ಗಂಜಿ ಕಾಯಿಸಿ ತಂದುಕೊಟ್ಟಳು, ಗಂಡನ ಮಾತೆತ್ತಲಿಲ್ಲ.

ಆ ವರ್ಷ ಸೊಪ್ಪು ಕಟ್ಟಲು ಹಾಡಿಯಿಂದ ಮೂವರು ಹೆಣ್ಣಾಳುಗಳು ಬಂದಿದ್ದರು. ಸಂಜೆ ಕಡ್ಡಿಗಳ ನಡುವೆ ಕುಳಿತಿದ್ದಾಗ ಅವರಲ್ಲಿ ಚಿಕ್ಕವಳೊಬ್ಬಳು ಕೆಲಸ ನಿಲ್ಲಿಸಿ, ಹಣೆಗೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದಳು. ಸೊಸೆ ತನ್ನ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟು ಅವಳ ಬಳಿಗೆ ಸರಿದು, "ಬೆಳಗ್ಗೆ ಏನಾದರೂ ತಿಂದುಕೊಂಡು ಬಂದಿದ್ದೆಯಾ ಮಗಾ?" ಎಂದು ಕೇಳಿದಳು.